ಹೊಸ ಕೆಇಎಫ್ ಸ್ಪೀಕರ್ ಬಿಟ್ಟು 14 ವರ್ಷ ಹಳೆಯ ಹಾರ್ಬೆತ್ ಕೊಂಡೆ

ಪಿಎಫ್ ಹಣ ಕೈಗೆ ಬಂದಾಗ ಅದರಲ್ಲಿ 2 ಲಕ್ಷವನ್ನು ಸ್ಪೀಕರ್‌ಗೆ ಅಂತಲೇ ಎತ್ತಿಟ್ಟೆ. ಬ್ಯಾಂಕಿನಲ್ಲಿ 32 ವರ್ಷ ಕೆಲಸ ಮಾಡಿದರೂ ಇದೊಂದು ಆಸೆ ಹಾಗೇ ಉಳಿದಿತ್ತು. ನಾನು ಧಾರವಾಡದವಳು. ಬೆಳಗ್ಗೆ ರೇಡಿಯೋದಲ್ಲಿ ಮಲ್ಲಿಕಾರ್ಜುನ ಮನ್ಸೂರರೋ ಗಂಗೂಬಾಯಿ ಹಾನಗಲ್ಲರೋ ಹಾಡುತ್ತಿದ್ದರೆ ಅಪ್ಪ ಮನೆಯಲ್ಲಿ ಯಾರಿಗೂ ಮಾತಾಡಲು ಬಿಡುತ್ತಿರಲಿಲ್ಲ. ಮಲ್ಲೇಶ್ವರದ ನಮ್ಮ 11 ಅಡಿಗೆ 13 ಅಡಿ ಕೋಣೆಯಲ್ಲಿ ಆ ದನಿಗಳು ಎದುರಿಗೆ ಕೂತು ಹಾಡಿದ ಹಾಗೆ ಕೇಳಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಆಂಪ್ಲಿಫೈಯರ್ ಮೊದಲೇ ಇತ್ತು: ರೇಗಾ ಬ್ರಿಯೋ, 50 ವಾಟ್.

ಹುಡುಕಿ ಹುಡುಕಿ ಕೊನೆಗೆ ಎರಡು ಉಳಿದವು. ಅಂಗಡಿಯಲ್ಲಿ ಹೊಸ ಕೆಇಎಫ್ ಎಲ್‌ಎಸ್50 ಮೆಟಾ. ಬಸವನಗುಡಿಯ ಒಬ್ಬ ನಿವೃತ್ತ ಡಾಕ್ಟರ ಮನೆಯಲ್ಲಿ 2010ರಲ್ಲಿ ಕೊಂಡ ಹಾರ್ಬೆತ್ ಕಾಂಪ್ಯಾಕ್ಟ್ 7ಇಎಸ್-3. ಸ್ಟ್ಯಾಂಡ್ ಸೇರಿಸಿದರೆ ಎರಡಕ್ಕೂ ಒಂದೂವರೆ ಲಕ್ಷದ ಆಚೀಚೆ. ಹಾರ್ಬೆತ್ ಹೊಸದು ಕೊಳ್ಳುವ ಮಾತು ನನ್ನ ದುಡ್ಡಿಗೆ ಆಗುವಂಥದ್ದಲ್ಲ.

ಮೊದಲು ಅಂಗಡಿಗೆ ಹೋದೆ. ಎಲ್‌ಎಸ್50 ಅನ್ನು ಕೆಇಎಫ್ ತನ್ನ 50ನೇ ವರ್ಷಕ್ಕೆ ಅಂತ 2012ರಲ್ಲಿ ತಂದಿತ್ತು. ಮೆಟಾ ಬಂದದ್ದು 2020ರಲ್ಲಿ. ಇದರಲ್ಲಿ ಕೆಳಗಿನ ಸ್ವರ ನುಡಿಸುವ ವೂಫರಿನ ನಟ್ಟನಡುವೆಯೇ ಮೇಲಿನ ಸ್ವರದ ಟ್ವೀಟರ್ ಕೂತಿರುತ್ತದೆ, ಹಾಗಾಗಿ ಎಲ್ಲ ಸದ್ದೂ ಒಂದೇ ಜಾಗದಿಂದ ಬರುತ್ತದೆ. ಟ್ವೀಟರ್ ಹಿಂದೆ ಚಕ್ರವ್ಯೂಹದಂಥ ಸಣ್ಣ ದಾರಿಗಳಿರುವ ಒಂದು ಬಿಲ್ಲೆ ಇದೆ. ಹಿಂಬದಿಗೆ ಹೋಗುವ ಸದ್ದನ್ನು ಅದು ಹೀರಿಕೊಳ್ಳುತ್ತದೆ. ಎತ್ತರ ಬರೀ 30 ಸೆಂಟಿಮೀಟರ್. ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿಸಿದೆ. ಒಂದೊಂದು ಮೀಟೂ ಎಲ್ಲಿ ಹುಟ್ಟಿತು ಅಂತ ಬೆರಳಿಟ್ಟು ತೋರಿಸಬಹುದಿತ್ತು. ಅಷ್ಟು ನಿಖರ. ಅಲ್ಲೇ ದುಡ್ಡು ಕೊಟ್ಟುಬಿಡೋಣ ಅನ್ನಿಸಿತು.

ಆಮೇಲೆ ಭೀಮಸೇನ ಜೋಶಿಯವರನ್ನು ಕೇಳಿದೆ. ತಾನ್‌ಗಳು ಚೆನ್ನಾಗಿಯೇ ಬಂದವು. ಆದರೆ ತಂಬೂರಿ ತೆಳ್ಳಗಿತ್ತು. ಮಿಂಚು ಇತ್ತು, ನೆಲ ಇರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದಾಗ ಕಾರಣ ಗೊತ್ತಾಯಿತು. ಗಂಡಸರು ಕರಿ ಒಂದರಲ್ಲಿ, ಅಂದರೆ ಹಾರ್ಮೋನಿಯಮಿನ ಮೊದಲ ಕರಿ ಮನೆಯ ಶ್ರುತಿಯಲ್ಲಿ, ಹಾಡಿದರೆ ಷಡ್ಜ ಸುಮಾರು 138 ಹರ್ಟ್ಜ್, ಸೆಕೆಂಡಿಗೆ ಅಷ್ಟು ಕಂಪನ. ತಂಬೂರಿಯ ಖರಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ, ತಂತಿ ಅದರ ಅರ್ಧ, 69 ಹರ್ಟ್ಜ್. ಎಲ್‌ಎಸ್50 ಮೆಟಾ ಪೂರ್ತಿ ಬಲದಲ್ಲಿ ನುಡಿಯುವುದು 79 ಹರ್ಟ್ಜ್ ತನಕ ಅಂತ ಕಂಪನಿಯೇ ಬರೆದಿದೆ. ಹಾರ್ಬೆತ್ 46ರ ತನಕ ಇಳಿಯುತ್ತದೆ. ರಾಕ್ ಕೇಳುವವರಿಗೆ, ಕೆಳಗಿನ ಸ್ವರಕ್ಕೇ ಇರುವ ಸಬ್‌ವೂಫರ್ ಸೇರಿಸಿಕೊಳ್ಳಿ ಅನ್ನಬಹುದು. ನನಗೆ ಇನ್ನೊಂದು ಡಬ್ಬಿ ಇಡಲು ಜಾಗವಿಲ್ಲ. ಆ ಖರಜ ಅದೇ ಪೆಟ್ಟಿಗೆಯಿಂದಲೇ ಬರಬೇಕು.

ಸೆಕೆಂಡ್ ಹ್ಯಾಂಡ್ ಅಂದರೆ ನನಗೆ ಭಯವಿತ್ತು, ಅದನ್ನು ಹೇಳಲೇಬೇಕು. ಎರಡು ವರ್ಷದ ಹಿಂದೆ ಒಬ್ಬರ ಹತ್ತಿರ ದೊಡ್ಡ ಜೋಡಿಯೊಂದನ್ನು ನೋಡಿದ್ದೆ. 'ಹೊಸದರ ಹಾಗೇ ಇದೆ ಮೇಡಂ' ಅಂದರು. 5 ಸಾವಿರ ಮುಂಗಡ ಕೊಟ್ಟೆ. ತರಲು ಹೋದ ದಿನ ಮುಂದಿನ ಜಾಲರಿ ತೆಗೆದು ಸದ್ದು ಹೊರಡಿಸುವ ಕೋನಿನ ಅಂಚು ಮುಟ್ಟಿದರೆ ಫೋಮ್ ಹಪ್ಪಳದ ಪುಡಿಯಂತೆ ಬೆರಳಿಗೆ ಬಂತು. ಮುಂಗಡ ವಾಪಸ್ ಬರಲಿಲ್ಲ. ಆಗಿನ ಸಿಟ್ಟಿನಲ್ಲೇ ಈ ವಿಷಯ ಕೂತು ಕಲಿತೆ. ಫೋಮ್ ಅಂಚು 15-20 ವರ್ಷಕ್ಕೆ ಉದುರುತ್ತದೆ, ನಮ್ಮ ತೇವದ ಹವೆಯಲ್ಲಿ ಇನ್ನೂ ಬೇಗ. ರಬ್ಬರ್ ಅಂಚು ಬಹಳ ಕಾಲ ಬಾಳುತ್ತದೆ. ಕೆಲವು ಟ್ವೀಟರ್‌ಗಳೊಳಗೆ ಕಾಂತದ ಎಣ್ಣೆ ಇರುತ್ತದೆ, ಅದು ಒಣಗಿ ಅಂಟಾಗಬಹುದು. ವೂಫರಿಗೂ ಟ್ವೀಟರಿಗೂ ಸ್ವರ ಹಂಚುವ ಕ್ರಾಸ್‌ಓವರಿನಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇದ್ದರೆ ಅದೂ ವಯಸ್ಸಾದಂತೆ ಒಣಗುತ್ತದೆ. ಸಾದಾ ಸ್ಪೀಕರಿನಲ್ಲಿ ಮುಖ್ಯವಾಗಿ ಮುಪ್ಪಾಗುವುದು ಇವಿಷ್ಟೇ. ಒಳಗೆ ಆಂಪ್ಲಿಫೈಯರ್, ವೈಫೈ ಎಲ್ಲ ಇರುವ ಸ್ಪೀಕರ್‌ ಆದರೆ ಮಾತೇ ಬೇರೆ. ಅದರ ಬೋರ್ಡ್ ಹೋದರೆ ಬದಲಿ ಸಿಗುವುದು ಕಷ್ಟ. ಅಂಥದ್ದನ್ನು ವಾರಂಟಿ ಸಮೇತ ಹೊಸದೇ ತಗೊಳ್ಳಿ.

ಡಾಕ್ಟರ ಮನೆಗೆ ಮಗನನ್ನೂ ಒಂದು ಮಲ್ಟಿಮೀಟರನ್ನೂ ಕರಕೊಂಡು ಹೋದೆ. ಮೊದಲ ಕೆಲಸ ಅಂಚು ನೋಡುವುದು. ಜಾಲರಿಗೆ ಕೈ ಹಾಕಿದ ಕೂಡಲೇ ಡಾಕ್ಟರು, 'ತೆಗೀಬೇಡಿ ಅಮ್ಮಾ, ಅದು ಇದ್ದಾಗಲೇ ಸರಿಯಾಗಿ ಕೇಳ್ಸೋದು' ಅಂದರು. ನಿಜ. ಹಾರ್ಬೆತ್‌ನವರು ಜಾಲರಿ ಹಾಕಿಯೇ ಕೇಳಬೇಕು ಅಂತ ಲೆಕ್ಕ ಮಾಡಿ ಕಟ್ಟುತ್ತಾರೆ. ಅದರ ಲೋಹದ ಚೌಕಟ್ಟು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಆದರೂ ನೋಡದೆ ಕೊಳ್ಳಲಾರೆ ಅಂದೆ. ಅವರೇ ಅಂಚಿನಿಂದ ಮೆಲ್ಲಗೆ ಎಬ್ಬಿಸಿ ತೆಗೆದುಕೊಟ್ಟರು. ರಬ್ಬರ್ ಮೆತ್ತಗಿತ್ತು, ಬಿರುಕಿಲ್ಲ.

ಮಲ್ಟಿಮೀಟರ್ ಹಿಂದಿನ ಟರ್ಮಿನಲ್‌ಗೆ ಇಟ್ಟೆವು. ವಿದ್ಯುತ್ ತಡೆ ಎಡದ್ದೂ ಬಲದ್ದೂ ಒಂದೇ ಅಂಕಿ. ಆದರೆ ಇದನ್ನೊಂದೇ ನಂಬಬೇಡಿ. ಟ್ವೀಟರಿನ ದಾರಿಯಲ್ಲಿ ಕೆಪಾಸಿಟರ್ ಇರುತ್ತದೆ, ಮೀಟರಿನ ಕರೆಂಟ್ ಅದನ್ನು ದಾಟುವುದಿಲ್ಲ. ಮೀಟರ್ ಹೇಳುವುದು ವೂಫರಿನ ಕಥೆ ಮಾತ್ರ. ಟ್ವೀಟರ್ ಸತ್ತಿದ್ದರೂ ಅಂಕಿ ಸರಿಯಾಗಿಯೇ ಬರಬಹುದು. ಅದಕ್ಕೆ ಕಿವಿಯೇ ಬೇಕು. ಸಣ್ಣ ದನಿಯಲ್ಲಿ ಹಾಡು ಹಾಕಿ ಒಂದೊಂದು ಟ್ವೀಟರಿನ ಹತ್ತಿರವೂ ಕಿವಿ ಇಟ್ಟು ಕೇಳಿದೆ. ಆಮೇಲೆ ಫೋನಿನಿಂದ 50 ಹರ್ಟ್ಜ್ ನಾದ, ಅದೂ ಮೆಲ್ಲಗೆ. ಕೋನನ್ನು ಅಲುಗಿಸುವ ತಂತಿಸುರುಳಿ, ವಾಯ್ಸ್ ಕಾಯಿಲ್, ಎಲ್ಲಾದರೂ ಉಜ್ಜುತ್ತಿದ್ದರೆ ಆಗ ಕರಕರ ಅನ್ನುತ್ತದೆ. ಇಲ್ಲಿ ಸದ್ದು ನಯವಾಗಿತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಕೊಟ್ಟದ್ದು ಮನ್ಸೂರರ ಹಳೆಯ ಮೋನೋ ಧ್ವನಿಮುದ್ರಣ. ಮೋನೋದಲ್ಲಿ ಎರಡೂ ಕಡೆ ಹೋಗುವುದು ಒಂದೇ ಸದ್ದು. ಜೋಡಿ ಸರಿಯಾಗಿದ್ದರೆ ದನಿ ನಡುವೆ ನಿಲ್ಲಬೇಕು. ನಮಗೆ ಸ್ವಲ್ಪ ಎಡಕ್ಕೆ ವಾಲಿದ ಹಾಗಿತ್ತು. ಎದೆ ಧಸಕ್ ಅಂದಿತು. ಮಗ ಆಂಪ್ಲಿಫೈಯರ್ ಹಿಂದೆ ಎಡ, ಬಲ ಸ್ಪೀಕರುಗಳ ತಂತಿಗಳನ್ನು ಅದಲು ಬದಲು ಮಾಡಿದ. ಈಗ ದನಿ ಬಲಕ್ಕೆ ವಾಲಿತು. ಅಂದರೆ ತೊಂದರೆ ಆಂಪ್ಲಿಫೈಯರ್ ಕಡೆಯದು, ಸ್ಪೀಕರಿನದಲ್ಲ. ಎಡಕ್ಕೇ ಉಳಿದಿದ್ದರೆ ನಾನು ಎದ್ದು ಬರುತ್ತಿದ್ದೆ.

ಇನ್ನು ಆ ದನಿ. ಹಾರ್ಬೆತ್ ಶುರು ಮಾಡಿದ ಡಡ್ಲಿ ಹಾರ್ವುಡ್ ಮೊದಲು ಬಿಬಿಸಿಯಲ್ಲಿ ಸ್ಪೀಕರ್ ಸಂಶೋಧನೆ ಮಾಡುತ್ತಿದ್ದವರು. 1977ರಲ್ಲಿ ಕಂಪನಿ ಕಟ್ಟಿದರು. ತಮ್ಮ ಹೆಸರಿನ ಜೊತೆ ಹೆಂಡತಿ ಎಲಿಜಬೆತ್‌ರ ಹೆಸರು ಸೇರಿಸಿ ಹಾರ್ಬೆತ್ ಮಾಡಿದರು. ಬೇರೆಯವರು ಪೆಟ್ಟಿಗೆಯನ್ನು ಆದಷ್ಟು ದಪ್ಪ, ಗಟ್ಟಿ ಮಾಡುತ್ತಾರೆ. ಬಿಬಿಸಿಯ ದಾರಿ ಬೇರೆ. ತೆಳು ಹಲಗೆ, ಒಳಗೆ ಕಂಪನ ತಡೆಯುವ ಪದರ, ಮುಂದಿನ ಹಿಂದಿನ ಹಲಗೆಗಳಿಗೆ ಸ್ಕ್ರೂ. ಪೆಟ್ಟಿಗೆಯ ಕಂಪನ ಕೆಳಗಿನ ಸ್ವರಗಳಿಗೆ ಜಾರಿ ಸುಮ್ಮನಾಗುತ್ತದೆ, ಮನುಷ್ಯರ ದನಿಯ ಜಾಗಕ್ಕೆ ಅಡ್ಡ ಬರುವುದಿಲ್ಲ. ಮನ್ಸೂರರು ಉಸಿರು ತೆಗೆದುಕೊಳ್ಳುವುದು, ಸ್ವರ ಹಿಡಿಯುವ ಮೊದಲಿನ ಆ ಸಣ್ಣ ತಡೆ, ಎಲ್ಲ ಕೇಳಿಸಿತು. ಹಿಂದೆ ತಂಬೂರಿ ಕೋಣೆ ತುಂಬಿಕೊಂಡಿತ್ತು. ಅಪ್ಪ ಇದ್ದಿದ್ದರೆ ಅಂತ ಅನ್ನಿಸಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಡಾಕ್ಟರು ಕೇಳಿದ್ದು 1,60,000. ಮರದ ಸ್ಟ್ಯಾಂಡ್ ಸೇರಿ 1,45,000ಕ್ಕೆ ಒಪ್ಪಿದರು.

ಮನೆಗೆ ತಂದ ಮೊದಲ ವಾರ ನನಗೆ ಸಮಾಧಾನವಿರಲಿಲ್ಲ. ಗೋಡೆಗೆ ಒಂದಡಿ ಬಿಟ್ಟು ಇಟ್ಟಿದ್ದೆ, ಮೃದಂಗದ ಎಡಗಡೆ ಡಬ ಡಬ ಅಂತ ಊದಿಕೊಂಡು ಬರುತ್ತಿತ್ತು. ಎರಡೂವರೆ ಅಡಿ ಮುಂದಕ್ಕೆ ಎಳೆದ ಮೇಲೆ ತೊಪ್ಪಿಯ, ಅಂದರೆ ಆ ಎಡಗಡೆಯ, ಗುಮುಕಿ ಗುಮುಕಿಯಾಗಿಯೇ ಕೇಳಿಸಿತು. ಕೋಣೆಯಲ್ಲಿ ಅಷ್ಟು ಜಾಗ ಹೋಯಿತು, ಮಂಚ ಸರಿಸಬೇಕಾಯಿತು. ಹಾರ್ಬೆತ್ ದೊಡ್ಡ ಪೆಟ್ಟಿಗೆ, 52 ಸೆಂಟಿಮೀಟರ್ ಎತ್ತರ, ಒಂದೊಂದೂ 13 ಕಿಲೋ. ಗೋಡೆಗೆ ಹತ್ತಿರ ಇಡಲೇಬೇಕಾದವರು, ಮೇಜಿನ ಮೇಲೆ ಹತ್ತಿರದಿಂದ ಕೇಳುವವರು ಕೆಇಎಫ್ ತಗೊಂಡರೆ ಚೆನ್ನ. ವೀಣೆಯ ಆ ನಿಖರತೆ ಇದರಲ್ಲಿ ಸ್ವಲ್ಪ ಕಡಿಮೆ, ಅದು ಒಮ್ಮೊಮ್ಮೆ ನೆನಪಾಗುತ್ತದೆ. ಮಗ ಸಿನಿಮಾ ಹಾಡು ಜೋರಾಗಿ ಹಾಕಿದಾಗಲೂ ಇದು ಅಷ್ಟು ಹುರುಪು ತೋರಿಸುವುದಿಲ್ಲ.

ವಾರಂಟಿ ಇಲ್ಲ ಅನ್ನುವುದು ಉಳಿದ ಒಂದೇ ಅಳುಕು. ಮುಂದೆ ಕೆಪಾಸಿಟರ್ ಬದಲಿಸಬೇಕಾದರೆ ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಿದರೆ ಆಯಿತು, ಕೆಪಾಸಿಟರ್‌ಗೆ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಎಸ್.ಪಿ. ರೋಡ್ ಇದೆ. ಅದಕ್ಕೆ ಅಂತ ಉಳಿದ ದುಡ್ಡಿನಲ್ಲಿ 20 ಸಾವಿರ ಬೇರೆ ಇಟ್ಟಿದ್ದೇನೆ. ಡಾಕ್ಟರ ಮನೆಯವರು 14 ವರ್ಷ ಅಟ್ಟದಲ್ಲಿ ಜೋಪಾನ ಮಾಡಿದ್ದ ಕಂಪನಿಯ ಪೆಟ್ಟಿಗೆ, ಥರ್ಮಾಕೋಲ್ ಎಲ್ಲವನ್ನೂ ಕೊಟ್ಟರು. ಅವು ಈಗ ನಮ್ಮ ಅಟ್ಟದಲ್ಲಿವೆ.