ತೆಗೆಯಲು ಅರ್ಧ ಗಂಟೆ, ಜೋಡಿಸಲು ಮೂರು ರಾತ್ರಿ: ಫೋಟೊರೆಕ್ ಜೊತೆ ಆರು ವರ್ಷ

ಕೊಪ್ಪಳದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ. ಮದುವೆ, ಸೀಮಂತ, ಗೃಹಪ್ರವೇಶ, ಜನವರಿ ಬಂತೆಂದರೆ ಗವಿಮಠದ ಜಾತ್ರೆ. ಇಷ್ಟೆಲ್ಲ ಓಡಾಡುವ ಮೆಮೊರಿ ಕಾರ್ಡುಗಳಲ್ಲಿ ವರ್ಷಕ್ಕೆ ಒಂದಾದರೂ ಕೈಕೊಡುತ್ತದೆ. ಅದು ಕೊಡದಿದ್ದರೆ ನಾವೇ ಕೊಡುತ್ತೇವೆ.

2019ರ ನವೆಂಬರಿನಲ್ಲಿ ಕುಕನೂರಿನ ಒಂದು ಮದುವೆಯಲ್ಲಿ ಆದದ್ದು ಎರಡನೆಯದು. ಬೆಳಗಿನ ಅರಿಶಿನ, ಸುರಗಿ, ಅಕ್ಕಿಕಾಳು ಎಲ್ಲವೂ ಒಂದೇ 32 ಜಿಬಿ ಕಾರ್ಡಿನಲ್ಲಿದ್ದವು. ಮಧ್ಯಾಹ್ನ ನನ್ನ ಜೊತೆಗಿದ್ದ ಹುಡುಗ ಬೆವರುತ್ತ ಬಂದ. "ಅಣ್ಣಾ, ಖಾಲಿ ಕಾರ್ಡು ಎಂದುಕೊಂಡು ಫಾರ್ಮ್ಯಾಟ್ ಮಾಡಿಬಿಟ್ಟೆ" ಎಂದ. ಮಾಡಿ ಸುಮ್ಮನಿದ್ದನೇ? ಊಟದ ಪಂಕ್ತಿಯ ಹನ್ನೊಂದು ಫೋಟೊಗಳನ್ನೂ ಅದೇ ಕಾರ್ಡಿಗೆ ಹೊಡೆದಿದ್ದ. ಬೈಯಲು ಬಾಯಿ ಬರಲಿಲ್ಲ. ಕಾರ್ಡು ಹೊರತೆಗೆದು, ಪಕ್ಕದ ಪುಟ್ಟ ಲಾಕ್ ಗುಂಡಿಯನ್ನು ಕೆಳಕ್ಕೆ ಸರಿಸಿ, ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡೆ. ಆ ದಿನ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ದೊಡ್ಡ ಊರಿನ ಅಂಗಡಿಯೊಂದಕ್ಕೆ ಫೋನ್ ಮಾಡಿದರೆ ಕಾರ್ಡು ನೋಡದೆಯೇ ಆರು ಸಾವಿರ ಎಂದರು. ಬಂದರೂ ಆರು ಸಾವಿರ, ಬಾರದಿದ್ದರೂ ಆರು ಸಾವಿರ. ಹಣ ಕೇಳುವ ತಂತ್ರಾಂಶವೊಂದನ್ನು ಹಾಕಿ ನೋಡಿದೆ. ಅದು ಮದುಮಗಳ ಮುಖವನ್ನು ಅಂಚೆಚೀಟಿಯಷ್ಟು ದೊಡ್ಡದಾಗಿ ತೋರಿಸಿ, ಉಳಿದದ್ದು ಬೇಕಾದರೆ ದುಡ್ಡು ಕಟ್ಟು ಎಂದಿತು. ಕೊನೆಗೆ ಸಿಕ್ಕಿದ್ದು ಫೋಟೊರೆಕ್, ಅಳಿದ ಫೋಟೊಗಳನ್ನು ಕಾರ್ಡಿನಿಂದ ಮರಳಿ ಎತ್ತಿಕೊಡುವ ತಂತ್ರಾಂಶ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದದ್ದು. ಉಚಿತ, ಮೂಲ ಸಂಕೇತವೂ ಎಲ್ಲರಿಗೂ ಮುಕ್ತ. ಟೆಸ್ಟ್‌ಡಿಸ್ಕ್ ಎಂಬ ಅದರ ಜೋಡಿ ತಂತ್ರಾಂಶ ಒಂದೇ ಗಂಟಿನಲ್ಲಿ ಬರುತ್ತದೆ. ಆಗ ಇಳಿಸಿಕೊಂಡದ್ದು 7.1 ಆವೃತ್ತಿ.

ನೋಡಲು ಮಾತ್ರ ಚೆಂದವಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಬಾಣದ ಕೀಲಿಗಳು. ಮೌಸ್ ಹಿಡಿದೇ ಕೆಲಸ ಕಲಿತವರಿಗೆ ಕ್ಯೂಫೋಟೊರೆಕ್ ಎಂಬ ಕಿಟಕಿ ರೂಪವೂ ಇದೆ. ನನಗೆ ಈಗ ಕಪ್ಪು ಪರದೆಯೇ ರೂಢಿ.

ಅದು ಕೆಲಸ ಮಾಡುವ ಬಗೆ ತಿಳಿದರೆ ಅದರ ಗುಣ ದೋಷ ಎರಡೂ ಅರ್ಥವಾಗುತ್ತವೆ. ಕ್ಯಾಮೆರಾದಲ್ಲಿ ಸಾಮಾನ್ಯ ಫಾರ್ಮ್ಯಾಟ್ ಮಾಡಿದಾಗ ಅಳಿಯುವುದು ಯಾವ ಫೋಟೊ ಎಲ್ಲಿದೆ ಎಂಬ ಪಟ್ಟಿ ಮಾತ್ರ. ಫೋಟೊಗಳು ತಮ್ಮ ಜಾಗದಲ್ಲೇ ಇರುತ್ತವೆ, ಹೊಸದು ಬಂದು ಮೇಲೆ ಕೂರುವವರೆಗೆ. ಫೋಟೊರೆಕ್ ಆ ಪಟ್ಟಿಯನ್ನು ಕೇಳುವುದೇ ಇಲ್ಲ. ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ, ಫೋಟೊಗಳ ಸಾಮಾನ್ಯ ಬಗೆಯಾದ ಜೆಪೆಗ್ ಫೈಲಿನ ತಲೆಯ ಗುರುತು, ಅಂದರೆ ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟ್‌ಗಳು, ಎಲ್ಲಿ ಕಂಡವೋ ಅಲ್ಲಿಂದ ಫೋಟೊ ಎತ್ತುತ್ತದೆ. ಪಟ್ಟಿ ನೋಡದ ಕಾರಣ ಹಾಳಾದ ಕಾರ್ಡಿನಲ್ಲೂ ಕೆಲಸ ಮಾಡುತ್ತದೆ. ಅದೇ ಕಾರಣಕ್ಕೆ ಫೋಟೊದ ಹೆಸರು ಅದಕ್ಕೆ ಗೊತ್ತಿರುವುದಿಲ್ಲ.

ಅರ್ಧ ಗಂಟೆಗೆ ತುಸು ಹೆಚ್ಚು ಹಿಡಿಯಿತು. ನಡುವೆ ಲ್ಯಾಪ್‌ಟಾಪ್ ಒಮ್ಮೆ ಆರಿಹೋಯಿತು. ಮತ್ತೆ ತೆರೆದಾಗ, ನಿಂತಲ್ಲಿಂದ ಮುಂದುವರಿಸಲೇ ಎಂದು ಅದೇ ಕೇಳಿತು. ವಿದ್ಯುತ್ತಿನ ಭರವಸೆ ಇಲ್ಲದ ಕಡೆ ಇದೊಂದು ಗುಣಕ್ಕೇ ಅರ್ಧ ಅಂಕ ಕೊಡಬಹುದು.

ಸಾವಿರದ ನಾನೂರಕ್ಕೂ ಹೆಚ್ಚು ಫೈಲುಗಳು ಬಂದವು, ಐನೂರರಂತೆ ಫೋಲ್ಡರುಗಳಲ್ಲಿ ತುಂಬಿಕೊಂಡು. ಪ್ರತಿಯೊಂದರ ಹೆಸರೂ ಎಫ್ ಎಂಬ ಅಕ್ಷರ ಮತ್ತು ಅದರ ಹಿಂದೊಂದು ಉದ್ದನೆಯ ಸಂಖ್ಯೆ. ಜೊತೆಗೆ ಟಿ ಅಕ್ಷರದ ಪುಟಾಣಿ ಚಿತ್ರಗಳ ಹಿಂಡು; ಅವು ಫೋಟೊಗಳ ಹೊಟ್ಟೆಯೊಳಗಿನ ಕಿರುಚಿತ್ರಗಳು, ಅಳಿಸಿಬಿಡಬಹುದು. ಹೋದ ತಿಂಗಳ ಸೀಮಂತ, ಯಾರದೋ ಅಂಗಡಿ ಪೂಜೆ, ಎಂದೋ ಅಳಿಸಿದ ಕುರಿ ಸಂತೆ ಎಲ್ಲವೂ ಎದ್ದು ಕೂತಿದ್ದವು. ಹಿಂದಿನ ಗಿರಾಕಿಗಳ ಫೋಟೊಗಳೂ ಹೀಗೆ ಬರುತ್ತವೆ ಎಂದು ಕಂಡ ದಿನದಿಂದ ನಾನು ಬಳಸಿದ ಕಾರ್ಡನ್ನು ಯಾರಿಗೂ ಮಾರಿಲ್ಲ.

ಇವನ್ನೆಲ್ಲ ಬೇರ್ಪಡಿಸಲು ಮೂರು ರಾತ್ರಿ ಹೋದವು. ಎರಡನೆಯ ರಾತ್ರಿ ಗೊತ್ತಾಯಿತು, ಆ ಉದ್ದ ಸಂಖ್ಯೆ ಅರ್ಥವಿಲ್ಲದ್ದಲ್ಲ. ಫೋಟೊ ಕಾರ್ಡಿನ ಯಾವ ಸೆಕ್ಟರಿನಲ್ಲಿ, ಅಂದರೆ ಯಾವ ಪುಟ್ಟ ಖಾನೆಯಲ್ಲಿ, ಶುರುವಾಗುತ್ತದೋ ಅದರ ಲೆಕ್ಕ. ಖಾಲಿ ಕಾರ್ಡಿಗೆ ಕ್ಯಾಮೆರಾ ಸಾಲಾಗಿ ಬರೆಯುವುದರಿಂದ, ಸಂಖ್ಯೆಯ ಪ್ರಕಾರ ಜೋಡಿಸಿದರೆ ಮದುವೆ ಬಹುಪಾಲು ನಡೆದ ಕ್ರಮದಲ್ಲೇ ಬಿಚ್ಚಿಕೊಳ್ಳುತ್ತದೆ. ಫೋಟೊದೊಳಗೇ ದಾಖಲಾಗಿರುವ ತೆಗೆದ ದಿನ ಮತ್ತು ಸಮಯವೂ ಉಳಿದಿರುತ್ತದೆ. ನನ್ನ ಕ್ಯಾಮೆರಾದ ಗಡಿಯಾರ ಐದೂವರೆ ಗಂಟೆ ಹಿಂದಿತ್ತು, ಹಾಗಾಗಿ ಅಕ್ಕಿಕಾಳು ಬೆಳಗಿನ ಜಾವ ಬಿದ್ದಂತೆ ತೋರಿಸುತ್ತಿತ್ತು. ಅದು ನನ್ನ ತಪ್ಪು.

ಬಾರದೇ ಹೋದದ್ದು ಹೆಚ್ಚಲ್ಲ. ಫಾರ್ಮ್ಯಾಟ್ ಆದ ಮೇಲೆ ಹೊಸ ಫೋಟೊಗಳು ಕಾರ್ಡಿನ ಆರಂಭದಿಂದಲೇ ಕೂತಿದ್ದರಿಂದ, ಹನ್ನೊಂದು ಪಂಕ್ತಿಯ ಫೋಟೊಗಳು ತಿಂದು ಹಾಕಿದ್ದು ದಿನದ ಮೊದಲ ಫೋಟೊಗಳನ್ನು: ಮದುಮಗಳ ಅಜ್ಜಿ ಅರಿಶಿನ ಹಚ್ಚಿದ್ದನ್ನು. ಒಂದು ಮಾತ್ರ ಕೆಳಗಿನ ಅರ್ಧ ಉಳಿಸಿಕೊಂಡಿತ್ತು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಏನೂ ಉಳಿದಿರಲಿಲ್ಲ. ಆ ಮನೆಗೆ ಹೋಗಿ ಹೇಳಿಬಂದೆ. ಅಜ್ಜಿ "ನಾನು ಇನ್ನೂ ಇದ್ದೇನಲ್ಲಪ್ಪಾ, ಈಗ ತೆಗೆ" ಎಂದರು, ತೆಗೆದೆ.

ಈ ಆರು ವರ್ಷಗಳಲ್ಲಿ ಹನ್ನೆರಡು ಕಾರ್ಡುಗಳಾಗಿವೆ. ಎರಡು ಕಡೆ ಹೊಸಬರು ಎಡವುವುದನ್ನು ನೋಡಿದ್ದೇನೆ. ಫೈಲಿನ ಬಗೆಗಳನ್ನು ಆರಿಸುವಲ್ಲಿ ಜೆಪೆಗ್ ಒಂದಕ್ಕೇ ಗುರುತು ಹಾಕಿದರೆ ರಾ ಫೋಟೊಗಳು, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಚ್ಚಾ ಫೋಟೊಗಳು, ಬರುವುದಿಲ್ಲ. ನಿಕಾನಿನ ಎನ್‌ಇಎಫ್, ಕ್ಯಾನನ್‌ನ ಸಿಆರ್2 ಎರಡೂ ಅಲ್ಲಿ ಟಿಫ್ ಎಂಬ ಹೆಸರಿನಡಿ ಇವೆ. ಇನ್ನೊಂದು, ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸುವುದು. ಬಾವಿಯಿಂದ ಸೇದಿದ ಕೊಡವನ್ನು ಬಾವಿಗೇ ಸುರಿದಂತೆ, ಅದೂ ಕೆಸರು ಬೆರೆಸಿ.

ಫಾರ್ಮ್ಯಾಟ್ ಆಗದೆ ಬರೀ ಫೋಟೊ ಅಳಿಸಿದ್ದರೆ ಮೊದಲು ಟೆಸ್ಟ್‌ಡಿಸ್ಕ್ ನೋಡಿ. 32 ಜಿಬಿಯವರೆಗಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿರುವ, ಫೈಲುಗಳ ಪಟ್ಟಿ ಇಡುವ ಫ್ಯಾಟ್ ವ್ಯವಸ್ಥೆಯಲ್ಲಿ, ಅಳಿಸುವುದೆಂದರೆ ಹೆಸರಿನ ಮೊದಲ ಅಕ್ಷರದ ಮೇಲೆ ಅಳಿಸಿದ ಗುರುತು ಒತ್ತಿ, ಆ ಜಾಗ ಖಾಲಿ ಎಂದು ಬರೆದುಕೊಳ್ಳುವುದು ಅಷ್ಟೇ. ಹಾಗಾಗಿ ಮೊದಲ ಅಕ್ಷರ ಬಿಟ್ಟು ಉಳಿದ ಹೆಸರು ಸಿಗುತ್ತದೆ. ಮೂರು ರಾತ್ರಿ ಉಳಿಯುತ್ತವೆ.

ವಿಡಿಯೊ ವಿಷಯದಲ್ಲಿ ಫೋಟೊರೆಕ್ ಮೇಲೆ ಆಸೆ ಇಡಬೇಡಿ. ದೊಡ್ಡ ಫೈಲು ಕಾರ್ಡಿನಲ್ಲಿ ತುಂಡು ತುಂಡಾಗಿ ಕೂತಿದ್ದರೆ ಅದಕ್ಕೆ ಪೋಣಿಸಲು ಬರುವುದಿಲ್ಲ. ಜಾತ್ರೆಯ ತೇರು ಎಳೆಯುವ ಒಂದು ವಿಡಿಯೊದಲ್ಲಿ ತೇರು ನಾಲ್ಕು ಹೆಜ್ಜೆ ಬಂದು ನಿಂತಿತು, ಇಂದಿಗೂ ಅಲ್ಲೇ ನಿಂತಿದೆ. ಕಂಪ್ಯೂಟರಿಗೆ ಕಾಣಿಸಿಕೊಳ್ಳದ ಸತ್ತ ಕಾರ್ಡಿಗೂ ಇದು ಮದ್ದಲ್ಲ. ಅಗ್ಗಕ್ಕೆ ಸಿಗುವ ನಕಲಿ ಕಾರ್ಡುಗಳಲ್ಲಂತೂ ಮೇಲೆ ಬರೆದಷ್ಟು ಜಾಗವೇ ಇರುವುದಿಲ್ಲ. ಬರೆಯದೇ ಹೋದದ್ದನ್ನು ಯಾವ ತಂತ್ರಾಂಶವೂ ತರಲಾರದು.

ಈಗ ಊರಿನ ಬೇರೆ ಸ್ಟುಡಿಯೋದವರೂ ಕಾರ್ಡು ತಂದುಕೊಡುತ್ತಾರೆ. ಅಳಿದ ಫೋಟೊಗಳನ್ನು ಕಾರ್ಡಿನಿಂದ ಹೊರತೆಗೆದುಕೊಡಲು ನಾನು ದುಡ್ಡು ಕೇಳುವುದಿಲ್ಲ, ಅದು ನನಗೂ ಬಿಟ್ಟಿಯೇ ಸಿಕ್ಕಿದ್ದು. ಜೋಡಿಸಿಕೊಡಬೇಕೆಂದರೆ ಗಂಟೆಗೆ ಇನ್ನೂರು ರೂಪಾಯಿ, ಅದರಲ್ಲಿ ಚೌಕಾಸಿ ಇಲ್ಲ.