ಕೋಡುಬಳೆ ಡಬ್ಬದ ಮುಂದೆ ಹಿಪ್ನಾಟಿಸಂ: ತೂಕ ಇಳಿಸೋಕೆ ಕೊಟ್ಟ ದುಡ್ಡು ಗಿಟ್ಟಿತಾ?

ಮೊದಲೇ ಹೇಳಿಬಿಡುತ್ತೇನೆ. ಹಿಪ್ನೋಥೆರಪಿಯಿಂದ, ಅಂದರೆ ಹಿಪ್ನಾಟಿಸಂ ಬಳಸಿ ಕೊಡುವ ಚಿಕಿತ್ಸೆಯಿಂದ, ಬೊಜ್ಜು ಕರಗುವುದಿಲ್ಲ. ಆದರೆ ಹಸಿವಿಲ್ಲದಿದ್ದರೂ ಸುಮ್ನೆ ಬಾಯಾಡಿಸುತ್ತಲೇ ಇರುವವರಿಗೆ ಉಪಯೋಗ ಇದೆ. ನನಗೆ ಆಯಿತು. ಅವರು ಕೇಳುವ ದುಡ್ಡು ಮಾತ್ರ ಜಾಸ್ತಿ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಕಾಂಡಿಮೆಂಟ್ಸ್ ಅಂಗಡಿ. ಬೆಳಿಗ್ಗೆಯಿಂದ ರಾತ್ರಿವರೆಗೂ ಕೋಡುಬಳೆ, ನಿಪ್ಪಟ್ಟು, ಬೆಣ್ಣೆ ಮುರುಕು, ಖಾರದ ಕಡ್ಲೆಬೀಜ ಎಲ್ಲಾ ನನ್ನ ಕೈಗೆ ಎಟುಕುವ ಹಾಗೆ ಇರುತ್ತವೆ. ತೂಗುವಾಗ ಹತ್ತು ಗ್ರಾಂ ಜಾಸ್ತಿ ತೋರಿಸಿದರೆ ಒಂದು ಚೂರು ತೆಗೆದು ಬಾಯಿಗೆ. ಮುರಿದಿದ್ದನ್ನು ಗಿರಾಕಿಗೆ ಕೊಡೋಕಾಗಲ್ಲ, ಅದೂ ಬಾಯಿಗೆ. ಊಟಕ್ಕೆ ಕೂತರೆ ಒಂದು ಚಪಾತಿ, ಒಂದು ಹಿಡಿ ಅನ್ನ, ಅಷ್ಟೇ. ಡಯಟಿಷಿಯನ್ ಬರೆದುಕೊಟ್ಟ ಚಾರ್ಟ್‌ನಲ್ಲಿ ಬೆಳಗಿನ ತಿಂಡಿಗೆ, ಊಟಕ್ಕೆ, ಸಂಜೆಗೆ ಜಾಗ ಇತ್ತು. ತಕ್ಕಡಿಯಿಂದ ತೆಗೆದ ಚೂರಿಗೆ ಇರಲಿಲ್ಲ. ವಯಸ್ಸು ಐವತ್ತು ದಾಟಿದೆ, ಆಗ ತೂಕ 78 ಕೆಜಿ, ಮಂಡಿ ನೋವು ಬೇರೆ.

ಹಿಪ್ನಾಟಿಸಂ ಅಂದ ತಕ್ಷಣ ನಮ್ಮ ಯಜಮಾನ್ರು ನಕ್ಕರು. "ಏನೇ, ನಿನ್ನ ವಶೀಕರಣ ಮಾಡಿಬಿಟ್ರೆ ಗಲ್ಲಾಪೆಟ್ಟಿಗೆ ಕೀ ಯಾರ ಕೈಗೆ ಕೊಟ್ಟು ಬರ್ತೀಯೋ" ಅಂದರು.

ನನಗೆ ಚಿಕಿತ್ಸೆ ಕೊಟ್ಟಾಕೆ ಚಿಕ್ಕ ವಯಸ್ಸಿನವರು, ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಸಂಖ್ಯೆ ಗೋಡೆ ಮೇಲೇ ಇತ್ತು. ನೀವೂ ಹೋಗೋದಾದರೆ ಮೊದಲು ಇದನ್ನು ಕೇಳಿ. ಯಾಕಂದ್ರೆ ವೀಕೆಂಡ್ ಕೋರ್ಸ್ ಮುಗಿಸಿ ಬೋರ್ಡ್ ಹಾಕಿಕೊಂಡವರೂ ಇದ್ದಾರೆ. ಈಕೆ ನನ್ನ ಕಣ್ಣು ಮುಚ್ಚಿಸುವ ಮುಂಚೆ ಥೈರಾಯ್ಡ್, ಶುಗರ್ ರಿಪೋರ್ಟ್ ಕೇಳಿದರು. ಫಿಟ್ಸ್ ಇದೆಯಾ, ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ತೀರಾ ಅಂತ ವಿಚಾರಿಸಿದರು. ಅದು ನನಗೆ ಹಿಡಿಸಿತು.

ಒಳಗೆ ಒರಗುವ ಕುರ್ಚಿ, ಜಾಸ್ತಿಯೇ ತಣ್ಣಗಿದ್ದ ಎಸಿ, ಹೊದ್ದುಕೊಳ್ಳೋಕೆ ಒಂದು ಶಾಲು. ಛಾವಣಿಯ ಒಂದು ಚುಕ್ಕೆ ನೋಡುತ್ತಿರಬೇಕು. ರೆಪ್ಪೆ ಭಾರ ಆಗುತ್ತೆ ಅನ್ನುತ್ತಾರೆ, ನಿಜಕ್ಕೂ ಆಗುತ್ತದೆ. ಆಮೇಲೆ ಮೆಟ್ಟಿಲು ಇಳಿಯುವ ಹಾಗೆ ಹತ್ತರಿಂದ ಒಂದರವರೆಗೆ ಎಣಿಕೆ. ಭಯಪಡುವಂಥದ್ದು ಏನೂ ಇಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಬೇಕು ಅಂದಿದ್ದರೆ ಎದ್ದು ಬರಬಹುದಿತ್ತು. ಏಳುವ ಮನಸ್ಸು ಬರಲಿಲ್ಲ, ಅಷ್ಟೇ.

ಮೊದಲ ಸಲ ಎಡವಟ್ಟಾಯಿತು. ಕೋಡುಬಳೆ ಕಂಡರೆ ಹೇಸಿಗೆ ಆಗಲಿ ಅಂತ ಅವರು ಶುರು ಮಾಡಿದರು. "ಅಮ್ಮ, ಆ ಕೋಡುಬಳೆ ಕರಿದ ಎಣ್ಣೆ ಹಳೇದು. ಕಮಟು ವಾಸನೆ ಬರ್ತಿದೆ. ಅಂಗುಳಕ್ಕೆ ಜಿಡ್ಡು ಅಂಟಿಕೊಳ್ತಿದೆ..." ನನಗೆ ರೇಗಿಹೋಯಿತು. ಕಣ್ಣು ಬಿಟ್ಟು ಎದ್ದು ಕೂತೆ. "ನಮ್ಮ ಅಂಗಡೀಲಿ ಹಳೇ ಎಣ್ಣೇಲಿ ಕರಿಯಲ್ಲ ಕಣಮ್ಮ" ಅಂದೆ. ಪಾಪ, ಆಕೆ ನಗು ತಡೆದುಕೊಂಡು ದಾರಿ ಬದಲಾಯಿಸಿದರು.

ಆಮೇಲೆ ಹೇಳಿಕೊಟ್ಟಿದ್ದೇ ಕೆಲಸಕ್ಕೆ ಬಂದಿದ್ದು. ಈ ಸಲ ರುಚಿಯ ತಂಟೆಗೇ ಹೋಗಲಿಲ್ಲ, ಬರೀ ಕೈಯ ಬಗ್ಗೆ ಮಾತು. ಕೈ ಡಬ್ಬದ ಮೇಲಿದೆ. ಸ್ಟೀಲ್ ಮುಚ್ಚಳ ತಣ್ಣಗಿದೆ. ಅದರ ಅಂಚು ಬೆರಳಿಗೆ ಒತ್ತುತ್ತಿದೆ. ತೆಗೆಯುವ ಮುಂಚೆ ಒಂದು ಉಸಿರು. "ಇದು ಬೇಕಾಗಿರೋದು ಯಾರಿಗೆ? ಹೊಟ್ಟೆಗಾ, ಕೈಗಾ?" ಇದನ್ನೇ ನಿಧಾನವಾಗಿ, ಬೇರೆ ಬೇರೆ ಥರ ಹೇಳುತ್ತಾ ಹೋದರು. ಅದನ್ನೇ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರು. ರಾತ್ರಿ ಮಲಗುವ ಮುಂಚೆ ಕೇಳಬೇಕು.

ಕೆಲವು ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ಸಂಜೆ, ಗಿರಾಕಿ ಇಲ್ಲದ ಹೊತ್ತು, ಮುಚ್ಚಳದ ಮೇಲೆ ಕೈ ಇಟ್ಟವಳು ಹಾಗೇ ನಿಂತೆ. ಬೇಡ ಅಂತ ಅನ್ನಿಸಿದ್ದಲ್ಲ. ಇಟ್ಟಿದ್ದು ಗೊತ್ತಾಯಿತು, ಅಷ್ಟೇ. ಅದಕ್ಕೂ ಮುಂಚೆ ಕೈ ಹೋಗಿದ್ದು, ಬಾಯಿ ಅಗಿದಿದ್ದು ಯಾವುದೂ ನನ್ನ ಗಮನಕ್ಕೇ ಬರುತ್ತಿರಲಿಲ್ಲ. ಈಗಲೂ ತಿನ್ನುತ್ತೇನೆ. ಆದರೆ ತಿಂದಿದ್ದು ಗೊತ್ತಿರುತ್ತದೆ. ಕೆಲವು ತಿಂಗಳಲ್ಲಿ ನಾಲ್ಕು ಕೆಜಿ ಹತ್ತಿರ ಇಳಿಯಿತು, ಅಲ್ಲಿಗೇ ನಿಂತಿದೆ. ಅದೇ ಹೊತ್ತಿಗೆ ಕಾಫಿಗೆ ಸಕ್ಕರೆ ಬಿಟ್ಟಿದ್ದೆ, ಕುಕ್ಕರಹಳ್ಳಿ ಕೆರೆ ಸುತ್ತ ನಡೆಯೋಕೂ ಶುರು ಮಾಡಿದ್ದೆ. ಯಾವುದರಿಂದ ಎಷ್ಟು ಇಳಿಯಿತು ಅಂತ ಬೇರೆ ಮಾಡಿ ಹೇಳೋದು ಕಷ್ಟ.

ನಮ್ಮ ಮಗಳು ಫಿಸಿಯೋಥೆರಪಿ ಓದಿದವಳು, ಸುಮ್ಮನೆ ಒಪ್ಪುವವಳಲ್ಲ. ಹಳೇ ಅಧ್ಯಯನಗಳನ್ನೆಲ್ಲ ಹುಡುಕಿ ನನ್ನ ಮುಂದೆ ಹಿಡಿದಳು. 1995ರಲ್ಲಿ ಅಮೆರಿಕದ ಕೆಲವು ಸಂಶೋಧಕರು ನಡವಳಿಕೆ ತಿದ್ದುವ ಚಿಕಿತ್ಸೆ ಜೊತೆ ಹಿಪ್ನಾಟಿಸಂ ಸೇರಿಸಿದರೆ ತುಂಬಾ ಲಾಭ ಅಂತ ಬರೆದರಂತೆ. ಮರುವರ್ಷ ಬೇರೆ ಇಬ್ಬರು ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಿದರೆ ಲಾಭ ಚಿಕ್ಕದು ಅಂತ ಬಂತಂತೆ. 1998ರ ಒಂದು ಬ್ರಿಟಿಷ್ ಪ್ರಯೋಗ ಇದೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದ 60 ಜನ ದಪ್ಪಗಿನವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಊಟದ ಸಲಹೆ, ಉಳಿದ ಎರಡಕ್ಕೆ ಜೊತೆಗೆ ಎರಡು ಬಗೆಯ ಹಿಪ್ನಾಟಿಸಂ. ಮೂರು ತಿಂಗಳಿಗೆ ಎಲ್ಲರೂ ನೂರಕ್ಕೆ ಎರಡು ಮೂರು ಪಾಲು ಇಳಿದರು. ಹದಿನೆಂಟು ತಿಂಗಳಾದ ಮೇಲೂ ಗಮನಿಸುವಷ್ಟು ಇಳಿದೇ ಇದ್ದದ್ದು ಟೆನ್ಷನ್ ಕಡಿಮೆ ಮಾಡುವ ಹಿಪ್ನಾಟಿಸಂ ಪಡೆದ ಗುಂಪು ಒಂದೇ. ಅದೂ ಸರಾಸರಿ 3.8 ಕೆಜಿ. "ಅಮ್ಮ, ನಿನ್ನ ನಾಲ್ಕು ಕೆಜಿ ಇದಕ್ಕೆ ಸರಿಯಾಗಿ ಕೂತಿದೆ ನೋಡು" ಅಂದಳು. ಇಪ್ಪತ್ತು ಮೂವತ್ತು ಕೆಜಿ ಇಳಿಯಬೇಕಾದವರು ಡಾಕ್ಟರ ಹತ್ತಿರ ಮಾತಾಡಿ. 2025ರಲ್ಲಿ ನಮ್ಮ ದೇಶಕ್ಕೆ ಬಂದ ಮೌಂಜಾರೋ ಥರದ ಇಂಜೆಕ್ಷನ್ನುಗಳ ಮುಂದೆ ತೂಕದ ಲೆಕ್ಕದಲ್ಲಿ ಇದು ಏನೇನೂ ಅಲ್ಲ.

ಈಗ ದುಡ್ಡಿನ ವಿಷಯ. ಒಂದು ಸಲಕ್ಕೆ 2,500 ರೂಪಾಯಿ. ಆರು ಸಲದ ಪ್ಯಾಕೇಜ್ 12,000. ಚಿಕಿತ್ಸೆ ಕೊಡುವಾಕೆ ಯಾವತ್ತೂ ಬಲವಂತ ಮಾಡಲಿಲ್ಲ. ಆದರೆ ರಿಸೆಪ್ಷನ್‌ನಲ್ಲಿ ಕೂತ ಹುಡುಗ ಪ್ರತಿ ಸಲವೂ "ಮೇಡಂ, ಆಫರ್ ಇವತ್ತಿಗೇ ಲಾಸ್ಟ್" ಅನ್ನುತ್ತಿದ್ದ. ಮುಂದಿನ ಸಲ ಹೋದರೂ ಆಫರ್ ಅಲ್ಲೇ ಇರುತ್ತಿತ್ತು. ಅಂಗಡಿಯವಳ ಹತ್ತಿರ ಈ ಆಟ ನಡೆಯುತ್ತಾ? ಇನ್ನೊಂದು 18,000ದ್ದು. ಜಾಸ್ತಿ ತಿನ್ನೋಕಾಗದ ಹಾಗೆ ಹೊಟ್ಟೆಗೆ ಬ್ಯಾಂಡ್ ಹಾಕುವ ಆಪರೇಷನ್ ಆಗಿದೆ ಅಂತ ಮನಸ್ಸಿಗೆ ನಂಬಿಸುವುದಂತೆ. ಥಿಯೇಟರ್‌ನ ಸ್ಪಿರಿಟ್ ವಾಸನೆ, ಮಾನಿಟರ್‌ನ ಬೀಪ್ ಸದ್ದು ಎಲ್ಲಾ ಸೇರಿಸಿ. ಸಿಸೇರಿಯನ್ ಆದವಳು ನಾನು, ಆ ವಾಸನೆಗೆ ದುಡ್ಡು ಕೊಟ್ಟು ಹೋಗಲ್ಲ ಅಂದೆ.

ನನ್ನ ಕೇಳಿದರೆ ಪ್ಯಾಕೇಜ್ ಬೇಡ. ಒಂದೆರಡು ಸಲ ಹೋಗಿ, ನಿಮ್ಮ ಕೈ ಎಲ್ಲಿಗೆ ಹೋಗುತ್ತದೋ ಅದನ್ನು ಬಿಡಿಸಿ ಹೇಳಿ, ನಿಮ್ಮದೇ ರೆಕಾರ್ಡಿಂಗ್ ಮಾಡಿಸಿಕೊಂಡು ಬನ್ನಿ. ಎಲ್ಲರಿಗೂ ಕಳಿಸುವ ರೆಡಿ ಆಡಿಯೋ ಕೊಟ್ಟರೆ ಬೇಡ ಅನ್ನಿ. ಅದರಲ್ಲಿ ಚಾಕೊಲೇಟ್ ಕೇಕ್, ಪಿಜ್ಜಾ ಬರುತ್ತೆ, ನಿಪ್ಪಟ್ಟು ಬರಲ್ಲ. ಊಟದ ತಟ್ಟೆ ಮುಂದೆಯೇ ಜಾಸ್ತಿ ತಿನ್ನುವವರಿಗೆ ಇದು ಆಗಿಬರುತ್ತಾ ಅನ್ನೋದು ನನಗೆ ಅನುಮಾನ. ನಮ್ಮ ನಾದಿನಿಗೆ ಎರಡು ಸಲಕ್ಕೇ ಸಾಕಾಯಿತು. "ನಿದ್ದೆ ಚೆನ್ನಾಗಿ ಬಂತು ಅತ್ತಿಗೆ, ಮುದ್ದೆ ಅಷ್ಟೇ ಇದೆ" ಅಂದಳು.

ಹಾಂ, ಕ್ಲಿನಿಕ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ತೂಕ ಇಳಿಸೋಕೆ ಬರುವವರನ್ನು ಮೆಟ್ಟಿಲು ಹತ್ತಿಸಬೇಕು ಅಂತಲೇ ಆ ಜಾಗ ಹಿಡಿದರೋ ಏನೋ. ಮಂಡಿ ನೋವಿರುವವರು ಫೋನ್‌ನಲ್ಲಿ ಅದನ್ನೂ ಕೇಳಿಕೊಂಡು ಹೊರಡಿ.