ಹಿತ್ತಲ ಕಾಯಿಪಲ್ಯಕ್ಕೆ ಒಂದು ಕಿರ್ದಿ ಪುಸ್ತಕ: ವರ್ಷಗಟ್ಟಲೆ ಬಳಸಿದ ಮೇಲೆ ಬರೆದದ್ದು

ಅಂಗಡಿ ಲೆಕ್ಕಕ್ಕೆ ಅಂತ ಮಾರುವ ಕೆಂಪು ಬಟ್ಟೆ ಬೈಂಡಿನ ಉದ್ದ ರಿಜಿಸ್ಟರ್ ಇದೆಯಲ್ಲ, ಅದನ್ನು ನಾನು ಕಾಯಿಪಲ್ಯದ ತೋಟದ ಲೆಕ್ಕ ಬರೆಯಲು ಬಳಸುತ್ತಿದ್ದೇನೆ. 2021ರ ಯುಗಾದಿಗೆ ಶುರು ಮಾಡಿದ್ದು, ಮೊದಲನೇ ಪುಸ್ತಕ ತುಂಬಿ ಈಗ ಎರಡನೆಯದು ನಡೆದಿದೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ತೋಟದ ಡೈರಿ ಅಂತಲೇ ಮಾರುವ ಬಣ್ಣದ ಪುಸ್ತಕಗಳು, ಫೋನಿನ ಆ್ಯಪು, ಎರಡನ್ನೂ ನೋಡಿದ್ದೇನೆ. ಕೊಪ್ಪಳದಂಥ ಬಿಸಿಲಿನ ಊರಲ್ಲಿ ತೋಟ ಮಾಡುವವರಿಗೆ ಈ ಸಾದಾ ರಿಜಿಸ್ಟರೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೊದಲು ತೋಟದ ಬಗ್ಗೆ ಸ್ವಲ್ಪ. ನಮ್ಮದು ಭಾಗ್ಯನಗರದ ಕಡೆ ಮನೆ, ಹಿಂದೆ ಹಿತ್ತಲು. ಒಂದು ಭಾಗ ಕೆಂಪು ಮಸಾರಿ, ಇನ್ನೊಂದು ಭಾಗಕ್ಕೆ ಹಿಂದೆ ಯಾವಾಗಲೋ ಎರೆ ಮಣ್ಣು ಹೊಡೆಸಿದ್ದಾರೆ. ನೀರು ಬೋರಿಂದು. ಮಡಿಗಳಿಗೆ ನಂಬರ್ ಹಾಕಿದ್ದೇನೆ. ಮುಳಗಾಯಿ (ಬದನೆ), ಟೊಮೆಟೊ, ಬೆಂಡೆ, ಚವಳಿಕಾಯಿ (ಗೋರಿಕಾಯಿ), ಹೀರೆ, ಮೆಣಸಿನಕಾಯಿ, ಮೆಂತ್ಯ, ರಾಜಗಿರಿ, ಪುಂಡಿಪಲ್ಯ, ಉಳ್ಳಾಗಡ್ಡಿ, ಹೀಗೆ ಮನೆಗೆ ಬೇಕಾದದ್ದು ಬೆಳೆಯುತ್ತೇವೆ, ಉಳಿದದ್ದು ಓಣಿಗೆ ಹೋಗುತ್ತದೆ.

ಲೆಕ್ಕ ಯಾಕೆ ಬೇಕು ಅಂದರೆ, ಬೀಜದ ಪಾಕೀಟಿನ ಹಿಂದೆ, ವಿಡಿಯೋಗಳಲ್ಲಿ ಸಿಗುವ ಬಿತ್ತನೆ ಪಟ್ಟಿಗಳಲ್ಲಿ ಹೆಚ್ಚಿನವು ತಂಪು ಊರುಗಳಿಗೆ ಹೊಂದುವಂಥವು. ಬೆಂಗಳೂರಿನಲ್ಲಿ ಏಪ್ರಿಲ್ ಬಿಸಿಲು 34-35ರ ಹತ್ತಿರ ಓಡಾಡಿದರೆ ನಮ್ಮಲ್ಲಿ 40 ಮುಟ್ಟುತ್ತದೆ, ರಾಯಚೂರಿನಲ್ಲಿ ಅದಕ್ಕೂ ಮೇಲೆ. ಟೊಮೆಟೊಗೆ ಹಗಲು 35 ದಾಟಿ ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ, ಹೂ ಬಿಡುತ್ತದೆ, ಉದುರುತ್ತದೆ, ಅಷ್ಟೇ. ಗಿಡ ನೋಡಿದರೆ ಹಸಿರಾಗಿ ಚೆನ್ನಾಗೇ ಇರುತ್ತದೆ, ಹಾಗಾಗಿ ಗೊಬ್ಬರ ಕಡಿಮೆ ಆಯ್ತೇನೋ ಅಂದುಕೊಂಡು ಜನ ಗೊಬ್ಬರ ಸುರಿಯುತ್ತಾರೆ. "ವರ್ಷಪೂರ್ತಿ ಬೆಳೆಯಬಹುದು" ಅಂತ ಪಾಕೀಟಿನ ಮೇಲೆ ಬರೆದಿರುವುದನ್ನು ನಮ್ಮ ಊರಲ್ಲಿ ನಂಬಬಾರದು. ನಮ್ಮ ಮಣ್ಣಿಗೆ, ನಮ್ಮ ನೀರಿಗೆ ಯಾವಾಗ ಏನು ಅನ್ನುವ ಪಟ್ಟಿಯನ್ನು ನಾವೇ ಬರೆದುಕೊಳ್ಳಬೇಕು, ಅದಕ್ಕೆ ಎರಡು ಮೂರು ವರ್ಷ ಹಿಡಿಯುತ್ತದೆ.

ಈಗ ಪುಸ್ತಕಕ್ಕೆ ಬರೋಣ. ಜವಾಹರ ರಸ್ತೆಯಲ್ಲಿ ತಂದದ್ದು. ಅಂಗಡಿಯವರು "ಕಿರ್ದಿಗೆ ಬೇಕೇನ್ರೀ, ಖಾತೆಗೆ ಬೇಕೇನ್ರೀ" ಅಂತ ಕೇಳಿದರು, ನನಗೆ ಅಲ್ಲೇ ದಾರಿ ಸಿಕ್ಕಿತು. ಎರಡೂ ಒಂದೇ ಪುಸ್ತಕದಲ್ಲಿ ಮಾಡಿಕೊಂಡೆ. ಮುಂದಿನ ಅರ್ಧ ಕಿರ್ದಿ, ಅಂದರೆ ದಿನದ ಕೆಲಸ ತಾರೀಖಿನ ಪ್ರಕಾರ. ಹಿಂದಿನ ಅರ್ಧ ಖಾತೆ, ಒಂದೊಂದು ಮಡಿಗೆ ಎದುರುಬದುರು ಎರಡು ಪುಟ. ಕಿರ್ದಿಯಲ್ಲಿ ಸಂಜೆ ಒಂದೆರಡು ಸಾಲು ಬರೆಯುವುದು, ವಾರಕ್ಕೊಮ್ಮೆ ಅದನ್ನು ಮಡಿಯ ಖಾತೆಗೆ ಇಳಿಸುವುದು. ವ್ಯಾಪಾರಸ್ಥರು ತಲೆತಲಾಂತರದಿಂದ ಮಾಡಿಕೊಂಡು ಬಂದ ಪದ್ಧತಿ, ತೋಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ತೋಟದ ಡೈರಿಗಳಲ್ಲಿ ಈ ಎರಡನೇ ಭಾಗವೇ ಇರುವುದಿಲ್ಲ. ದಿನಕ್ಕೊಂದು ಪುಟ ಕೊಟ್ಟು ಸುಮ್ನಿರುತ್ತಾರೆ. ಮೂರು ವರ್ಷದ ಹಿಂದೆ ನಾಲ್ಕನೇ ಮಡಿಯಲ್ಲಿ ಏನಿತ್ತು ಅಂತ ಹುಡುಕಬೇಕಾದರೆ ಇಡೀ ಡೈರಿ ತಿರುವಿ ಹಾಕಬೇಕು.

ಕಿರ್ದಿಯಲ್ಲಿ ತಾರೀಖಿನ ಜೊತೆ ಮಳೆಯ ಹೆಸರನ್ನೂ, ಅಂದರೆ ಆಗ ನಡೆದಿರುವ ಮಳೆ ನಕ್ಷತ್ರವನ್ನೂ ಬರೆಯುತ್ತೇನೆ. ಇದು ಅವ್ವನ ಮಾತಿನಿಂದ ಬಂದದ್ದು. ಬೀಜ ಕೈಯಲ್ಲಿ ಹಿಡಿದರೆ ಸಾಕು, "ತಡಿ, ಮಿರ್ಗಾ ಹಿಡೀಲಿ" ಅನ್ನುತ್ತಾಳೆ. ಮೃಗಶಿರಾ ಜೂನ್ 7-8ಕ್ಕೆ ಹಿಡಿಯುತ್ತದೆ, ಒಂದೊಂದು ಮಳೆ 13-14 ದಿನ. ಇವು ಸೂರ್ಯನ ಲೆಕ್ಕದವು, ಹಾಗಾಗಿ ಪ್ರತಿ ವರ್ಷ ಹೆಚ್ಚು ಕಡಿಮೆ ಅದೇ ತಾರೀಖಿಗೆ ಬರುತ್ತವೆ, ಒಂದು ದಿನ ಹಿಂದೆ ಮುಂದೆ. ಯುಗಾದಿ, ನಮ್ಮ ಗವಿಮಠದ ಜಾತ್ರೆ ಹಾಗಲ್ಲ, ಅವು ಚಂದ್ರನ ಲೆಕ್ಕ, ತಾರೀಖು ಸರಿದಾಡುತ್ತದೆ. ಅದಕ್ಕೇ ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಲು ಮಳೆಯ ಹೆಸರು ಬಹಳ ಅನುಕೂಲ. ತಿಂಗಳು ಅಂದರೆ ಉದ್ದ ಆಯಿತು, ದಿನ ಅಂದರೆ ತೀರಾ ಚಿಕ್ಕದು, ಮಳೆ ಸರಿಯಾದ ಅಳತೆ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅಂತಾರಲ್ವಾ, ಆದರೆ ನಮ್ಮ ಹಿತ್ತಲಲ್ಲಿ ರೋಹಿಣಿಗೆ ಬಿದ್ದ ಮಳೆ ಎಷ್ಟು ಅಂತ ನೋಡಿದರೆ ಒಂದು ವರ್ಷ ಚೆನ್ನಾಗಿದೆ, ಒಂದು ವರ್ಷ ನೆಲ ಒದ್ದೆಯಾಗಿಲ್ಲ. ಜೋರು ಮಳೆ ಸುರಿಯುವುದು ಸೆಪ್ಟೆಂಬರಿನಲ್ಲಿ, ಉತ್ತರಾ, ಹಸ್ತದ ಸುತ್ತಮುತ್ತ.

ಮಳೆ ಅಳೆಯಲು ದುಡ್ಡು ಕೊಟ್ಟು ಏನೂ ತರಬೇಕಿಲ್ಲ. ಗೋಡೆ ನೆಟ್ಟಗಿರುವ ಡಬ್ಬಿ ಬಯಲಲ್ಲಿ ಇಡಿ, ಬೆಳಿಗ್ಗೆ ಸ್ಕೇಲು ಇಳಿಬಿಡಿ. 10 ಮಿಲಿಮೀಟರ್ ಅಂದರೆ ಒಂದು ಚದರ ಮೀಟರಿಗೆ 10 ಲೀಟರ್ ನೀರು. ಇದನ್ನು ಬರೆಯಲು ಶುರು ಮಾಡಿದ ಮೇಲೆ ಪೈಪಿನ ನೀರು ಎಷ್ಟೋ ಉಳಿದಿದೆ, ಯಾಕಂದರೆ ಮಳೆ ಬಂತು ಅನ್ನುವುದಕ್ಕೂ ಸಾಕಷ್ಟು ಬಂತು ಅನ್ನುವುದಕ್ಕೂ ಇರುವ ಫರಕು ಕಣ್ಣಿಗೆ ಕಾಣುತ್ತದೆ.

ಒಂದು ಪುಟ ಹಾಗೇ ಇಳಿಸುತ್ತೇನೆ, ಹೇಗಿರುತ್ತದೆ ಅಂತ ತಿಳಿಯಲಿ. ಆಶ್ಲೇಷ ಮಳೆ, 2024 ಆಗಸ್ಟ್. "ಮಡಿ 6, ಹೀರೆ ಚಪ್ಪರಕ್ಕೆ ಹತ್ತಿತು. ಗಂಡು ಹೂ ಮಾತ್ರ. ಮಡಿ 2, ಮುಳಗಾಯಿ, ಕುಡಿ ಬಾಡಿದ ಮೂರು ಗಿಡ, ಕುಡಿ ಚಿವುಟಿ ಸುಟ್ಟದ್ದು. ಬೇವಿನ ಬೀಜದ ಕಷಾಯ, ಲೀಟರಿಗೆ 50 ಗ್ರಾಂ. ಮಡಿ 1, ಉಳ್ಳಾಗಡ್ಡಿ ಬೀಜ ಹಳೇದು, ಒದ್ದೆ ಬಟ್ಟೆಯಲ್ಲಿ ಹತ್ತಕ್ಕೆ ಎರಡು ಮೊಳಕೆ, ಹೊಸದು ತರಬೇಕು. ಡ್ಯಾಮಿನ ಗೇಟು ಹೋಗಿದೆ." ಕೊನೇ ಸಾಲು ತುಂಗಭದ್ರಾ ಡ್ಯಾಮಿನ 19ನೇ ಗೇಟಿನದು, ಆಗಸ್ಟ್ 10ರ ರಾತ್ರಿ ಕೊಚ್ಚಿಹೋಯಿತಲ್ಲ, ಅದು. ಎಡದಂಡೆ ಕಾಲುವೆ ನಂಬಿ ಭತ್ತ ಹಚ್ಚುವ ಗಂಗಾವತಿ ಕಡೆಯ ನೆಂಟರು ಇಡೀ ವಾರ ಫೋನು ಕೆಳಗಿಟ್ಟಿರಲಿಲ್ಲ. ತೋಟದ ಪುಸ್ತಕದಲ್ಲಿ ಇದೆಲ್ಲ ಯಾಕೆ ಅಂತ ಕೇಳಬಹುದು. ನನಗೆ ಬೇಕು. ಆ ಒಂದು ಸಾಲು ಓದಿದರೆ ಆ ವರ್ಷದ ಹೀರೆ ಬಳ್ಳಿ ಪೂರ್ತಿ ಕಣ್ಣ ಮುಂದೆ ಬರುತ್ತದೆ.

ಉಳ್ಳಾಗಡ್ಡಿ ಬೀಜದ ವಿಷಯ ಬಂದಿತಲ್ಲ, ಬೀಜಕ್ಕೆ ಕೊನೇ ಪುಟಗಳನ್ನು ಬಿಟ್ಟಿದ್ದೇನೆ. ಯಾವಾಗ ತಂದದ್ದು, ಮನೆಯಲ್ಲೇ ಹಿಡಿದಿಟ್ಟದ್ದೋ, ಯಾವ ತಳಿ. ಉಳ್ಳಾಗಡ್ಡಿ ಬೀಜ ವರ್ಷ ದಾಟಿದರೆ ಕೈಕೊಡುತ್ತದೆ, ಟೊಮೆಟೊ, ಬದನೆ, ಸೌತೆ ಬೀಜ ಒಣ ಡಬ್ಬಿಯಲ್ಲಿಟ್ಟರೆ ಮೂರು ನಾಲ್ಕು ವರ್ಷ ತಡೆಯುತ್ತವೆ. ತಳಿ ಬರೆಯುವುದನ್ನು ಮಾತ್ರ ಬಿಡಬೇಡಿ. ಬೆಂಡೆಯಲ್ಲಿ ಹೆಸರಘಟ್ಟದ ಅರ್ಕಾ ಅನಾಮಿಕಾ ಹಾಕಿದ ವರ್ಷಕ್ಕೂ, ಸಂತೆಯಲ್ಲಿ ಸಿಕ್ಕ ಹೆಸರಿಲ್ಲದ ಬೀಜ ಹಾಕಿದ ವರ್ಷಕ್ಕೂ ಎಲೆಯ ನರ ಹಳದಿಯಾಗುವ ರೋಗದಲ್ಲಿ ಬಹಳ ಫರಕಿದೆ. ಆ ರೋಗ ಹರಡುವ ಬಿಳಿ ನೊಣ ಎರಡೂ ಸಲ ಇತ್ತು. ಹೆಸರು ಬರೆದಿಡದಿದ್ದರೆ "ಒಂದು ವರ್ಷ ಬೆಂಡೆ ಚಲೋ ಬಂದಿತ್ತು" ಅನ್ನುವ ಮಾತಷ್ಟೇ ಉಳಿಯುತ್ತಿತ್ತು.

ಈ ಪದ್ಧತಿಯ ನಿಜವಾದ ಬೆಲೆ ಗೊತ್ತಾಗಿದ್ದು ಮಡಿ 3ರ ಖಾತೆಯಲ್ಲಿ. ಟೊಮೆಟೊ, ಆಮೇಲೆ ಬೆಂಡೆ, ಆಮೇಲೆ ಸೌತೆ. ಪುಸ್ತಕಗಳಲ್ಲಿ ಹೇಳುವ ಹಾಗೆ ಜಾತಿ ಬದಲಿಸುತ್ತಲೇ ಬಂದಿದ್ದು, ಒಂದೊಂದು ಬೆಳೆಯೂ ಬಿಡಿಯಾಗಿ ನೋಡಿದರೆ ಪರವಾಗಿಲ್ಲ ಅನ್ನುವ ಹಾಗೇ ಇತ್ತು. ಆದರೆ ಎದುರುಬದುರು ಎರಡು ಪುಟದಲ್ಲಿ ಒಟ್ಟಿಗೆ ನೋಡಿದಾಗ ಇಳುವರಿ ಮೆಟ್ಟಿಲು ಇಳಿದ ಹಾಗೆ ಕೆಳಗೆ ಬರುತ್ತಿತ್ತು, ಪಕ್ಕದ ಮಡಿಯದು ಹಾಗಿರಲಿಲ್ಲ. ಸೌತೆ ಬಳ್ಳಿ ಕಿತ್ತು ಬೇರು ತೊಳೆದು ನೋಡಿದರೆ ಗಂಟೋ ಗಂಟು, ಬೇರುಗಂಟು ಜಂತುಹುಳು. ಈ ಹುಳುವಿಗೆ ಟೊಮೆಟೊ, ಬದನೆ, ಬೆಂಡೆ, ಸೌತೆ, ಹೀರೆ ಎಲ್ಲವೂ ಊಟವೇ. ಸುಮ್ನೆ ಜಾತಿ ಬದಲಿಸಿದರೆ ಸಾಲದು, ಅದಕ್ಕೆ ಊಟ ಸಿಗದಂಥ ಬೆಳೆ ಬರಬೇಕು. ಮಣ್ಣು ಕಾದು ಹುಳು ಸಾಯಲಿ ಅಂತ ಆ ಬೇಸಿಗೆ ಮಡಿಗೆ ನೀರು ಕಟ್ಟಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ ಏಪ್ರಿಲ್‌ನಿಂದ ಮೇ ಮಧ್ಯದವರೆಗೆ ಬಿಟ್ಟೆವು. ನಮ್ಮ ಬಿಸಿಲಿಗೆ ಈ ಕೆಲಸ ಬೇರೆ ಊರಿಗಿಂತ ಚೆನ್ನಾಗಿ ಆಗುತ್ತದೆ, ಅದೊಂದು ನಮಗೆ ವರ. ಆಮೇಲೆ ಮಳೆಗಾಲ ಪೂರ್ತಿ ಚೆಂಡು ಹೂ ಒತ್ತಾಗಿ ಹಚ್ಚಿದ್ದು, ದಸರೆಗೆ ಹೂವೂ ಆಯಿತು. ಮುಂದಿನ ಟೊಮೆಟೊ ಕಿತ್ತಾಗ ಬೇರಲ್ಲಿ ಅಲ್ಲೊಂದು ಇಲ್ಲೊಂದು ಗಂಟು, ಅಷ್ಟೇ.

ಇದರಿಂದ ನಾನು ಖಾತೆಗೆ ಒಂದು ಕಾಲಂ ಸೇರಿಸಿದೆ: "ಕಿತ್ತದ್ದು, ಯಾಕೆ". ಬಿತ್ತಿದ್ದನ್ನು ಎಲ್ಲರೂ ಬರೆಯುತ್ತಾರೆ, ಖುಷಿಯಲ್ಲಿ ಇರುತ್ತೇವೆ ನೋಡಿ. ಬೆಳೆ ಮುಗಿದ ದಿನ ಬರೆಯಲು ಕೈ ಬರುವುದಿಲ್ಲ. ಆದರೆ ಕೆಲಸಕ್ಕೆ ಬರುವುದು ಅದೇ. ಬೇರು ಹೇಗಿತ್ತು, ಎಲೆ ಮುದುಡುವ ಮುಟುರು ರೋಗ ಬಂದಿತ್ತೋ, ಬಿಸಿಲಿಗೆ ಹೋಯಿತೋ, ಸುಮ್ನೆ ವಯಸ್ಸಾಗಿ ನಿಂತಿತೋ. ಮೆಣಸಿನಕಾಯಿಯವರಿಗಂತೂ ಇದು ಬೇಕೇ ಬೇಕು, ಬಳ್ಳಾರಿ, ರಾಯಚೂರು ಕಡೆ ನುಸಿ ಕಾಟ ಎಷ್ಟು ಅಂತ ಬೆಳೆದವರಿಗೆ ಗೊತ್ತು. ಎಲೆ ಮುದುಡಿದ್ದು ಮೊದಲು ಕಂಡ ದಿನ ಬರೆದಿದ್ದರೆ ಮುಂದಿನ ವರ್ಷ ಅದಕ್ಕೂ ಹತ್ತು ದಿನ ಮೊದಲೇ ಎಲೆ ಮಗುಚಿ ನೋಡಬಹುದು.

ಬೋರ್ ನೀರಿನವರು ಇನ್ನೊಂದನ್ನೂ ಗಮನಿಸಿ. ಬೇಸಿಗೆಯಲ್ಲಿ ಮಡಿಯ ಅಂಚಿಗೆ ಬಿಳಿ ಪದರ ಕಂಡರೆ ಬರೆದಿಡಿ, ಅದು ಉಪ್ಪು. ಎರೆ ಮಣ್ಣಿನ ಮಡಿಯಲ್ಲಿ ನಮಗೆ ಬೇಗ ಕಾಣಿಸುತ್ತದೆ. ಮಣ್ಣು ಪರೀಕ್ಷೆಗೆ ಕೊಟ್ಟು ಬಂದ ಚೀಟಿಯನ್ನು ಆ ಮಡಿಯ ಖಾತೆ ಪುಟಕ್ಕೇ ಅಂಟಿಸಿದ್ದೇನೆ.

ಇನ್ನು ಆ್ಯಪಿನ ಮಾತು. ಹೆಸರು ಬೇಡ. ನೋಡಲು ಚೆಂದ, ಬಣ್ಣ ಬಣ್ಣದ ಮಡಿ, ನೆನಪಿಸುವ ಗಂಟೆ ಎಲ್ಲ ಇತ್ತು. ಮಾರ್ಚ್ ಬಂದರೆ ವಸಂತ ಬಂತು, ಟೊಮೆಟೊ ಹಚ್ಚಿ ಅಂತ ಹೇಳುತ್ತಿತ್ತು. ಪುಂಡಿಪಲ್ಯ, ಚವಳಿಕಾಯಿ ಅದರ ಪಟ್ಟಿಯಲ್ಲೇ ಇಲ್ಲ. ಫೋನು ಬದಲಾಯಿಸಿದಾಗ ಒಂದು ವರ್ಷದ ಲೆಕ್ಕ ಹೋಯಿತು, ಬರೆದು ಕೇಳಿದರೂ ಉತ್ತರ ಬರಲಿಲ್ಲ. ಕ್ಯಾಮೆರಾ ಮಾತ್ರ ಬಿಡಬೇಡಿ. ಎಲೆಯ ಮೇಲಿನ ಚುಕ್ಕೆ, ಹುಳುವಿನ ಮೊಟ್ಟೆ, ಇವನ್ನು ಅಕ್ಷರದಲ್ಲಿ ಹಿಡಿಯುವುದು ಕಷ್ಟ, ಫೋಟೋದಲ್ಲಿ ತಾರೀಖು ತಾನೇ ಬೀಳುತ್ತದೆ. ಕೃಷಿ ವಿಜ್ಞಾನ ಕೇಂದ್ರದವರಿಗೋ ಮುನಿರಾಬಾದಿನ ತೋಟಗಾರಿಕೆ ಕಾಲೇಜಿನವರಿಗೋ ತೋರಿಸಲೂ ಸುಲಭ. ಫೋಟೋ ತೆಗೆದ ದಿನ ಕಿರ್ದಿಯಲ್ಲಿ ಒಂದು "ಫೋ" ಹಾಕುತ್ತೇನೆ.

ಅರ್ಧ ನಕ್ಷತ್ರ ಕಡಿಮೆ ಮಾಡಿದ್ದು ಬೈಂಡಿಗೆ. ನಡುವೆ ಅಂಟು ಬೈಂಡಿನದೊಂದು ತಂದು ನೋಡಿದ್ದೆ, ಅದು ಒಂದು ಬೇಸಿಗೆಗೇ ಬಿಚ್ಚಿಕೊಂಡಿತು, ಅಂಟು ಒಣಗಿ ಪುಡಿಯಾಗಿತ್ತು. ಹೊಲಿಗೆ ಬೈಂಡಿನದು ಗಟ್ಟಿ, ಆದರೆ ಪೂರ್ತಿ ತೆರೆದು ಇಡಲು ಮೊದಲ ಕೆಲವು ತಿಂಗಳು ಹಟ ಮಾಡುತ್ತದೆ, ಮೇಲೆ ಕಲ್ಲು ಇಡಬೇಕು. ಕಾಗದ ದಪ್ಪ, ಬಾಲ್ ಪೆನ್ ಹಿಂದಿನ ಪುಟಕ್ಕೆ ಇಳಿಯುವುದಿಲ್ಲ. ಜೆಲ್ ಪೆನ್ ಮಾತ್ರ ಬೇಡ, ಒದ್ದೆ ಕೈ ತಾಗಿದರೆ ಸಾಲು ಪೂರ್ತಿ ಕಲೆಸಿಹೋಗುತ್ತದೆ. ತೋಟದಲ್ಲೇ ನಿಂತು ಬರೆಯುವುದಾದರೆ ಪೆನ್ಸಿಲ್ಲಿಗೆ ಸಾಟಿ ಇಲ್ಲ. ಬೆಲೆ 200 ರೂಪಾಯಿಯ ಒಳಗೆ. ಹಿತ್ತಲ ಗೂಡಿನಲ್ಲಿ ಇಡಬೇಡಿ, ಮಳೆಗಾಲದಲ್ಲಿ ಗೆದ್ದಲು ಹತ್ತುತ್ತದೆ, ಅಡುಗೆ ಮನೆ ಕಪಾಟೇ ಒಳ್ಳೆಯದು.

ಎರಡು ಕುಂಡ ಇಟ್ಟುಕೊಂಡವರಿಗೆ ಇದು ಜಾಸ್ತಿ ಆಯಿತು, ಗೋಡೆಯ ಕ್ಯಾಲೆಂಡರಿನ ಚೌಕದಲ್ಲೇ ಗುರುತು ಹಾಕಿದರೆ ಸಾಕು, ನಮ್ಮ ಕ್ಯಾಲೆಂಡರುಗಳಲ್ಲಿ ಮಳೆ ನಕ್ಷತ್ರ ಹೇಗೂ ಅಚ್ಚಾಗಿರುತ್ತದೆ. ನಾಲ್ಕೈದು ಮಡಿ ಇರುವವರು ರಿಜಿಸ್ಟರನ್ನೇ ತನ್ನಿ. ಕೊಳ್ಳುವಾಗ ಪುಟಕ್ಕೆ ನಂಬರು ಅಚ್ಚಾಗಿರುವುದನ್ನೇ ಕೇಳಿ. ಖಾತೆಯಲ್ಲಿ "ಕಿರ್ದಿ ಪುಟ 41 ನೋಡಿ" ಅಂತ ಬರೆಯಲು ಬೇಕಾಗುತ್ತದೆ, ಕೈಯಲ್ಲಿ ನಂಬರ್ ಹಾಕುತ್ತಾ ಕೂತರೆ ಒಂದು ಮಧ್ಯಾಹ್ನ ಅದಕ್ಕೇ ಹೋಗುತ್ತದೆ. ಶುರು ಮಾಡಲು ಯುಗಾದಿಗೆ ಕಾಯಬೇಕಿಲ್ಲ. ನೆಲದಲ್ಲಿ ಈಗ ಏನಿದೆಯೋ ಅದನ್ನು ಮಡಿವಾರು ಬರೆದುಕೊಂಡು ಇವತ್ತಿನಿಂದಲೇ ಕಿರ್ದಿ ತೆರೆಯಬಹುದು.